ಅರ್ಧ ನಿಮಿಷದ ಮೌನ

"ಇನ್ನರ್ಧ ನಿಮಿಷ ಯಾರೂ ಉಸಿರೆತ್ತೋ ಹಾಗಿಲ್ಲ," ಎಂದ ರೂರಿ, ಕಿವಿಯ ಮೇಲೆ ಹೆಡ್‌ಫೋನ್ ಸರಿಮಾಡಿಕೊಳ್ಳುತ್ತ.

"ಯಾಕಪ್ಪಾ, ಯಾರು ಸತ್ರು?" ಎಂದಳು ಐನಾ ಬುಕನ್.

ಮೊರ್ವೆನ್‌ಗೆ ನಗು ತಡೆಯಲಾಗಲಿಲ್ಲ. "ಯಾರೂ ಸತ್ತಿಲ್ಲ ಐನಾ ಆಂಟಿ. ಈ ಕೋಣೆಯ ಮೌನ ರೆಕಾರ್ಡ್ ಮಾಡ್ಕೊಳ್ತೀವಿ. ಆಮೇಲೆ ಮಾತು ಕತ್ತರಿಸಿ ಜೋಡಿಸುವಾಗ ಸಂದಿಯಲ್ಲಿ ತುಂಬೋಕೆ ಬೇಕಾಗುತ್ತೆ. ನೀವು ಸುಮ್ನೆ ಕೂತಿರಿ, ಸಾಕು."

"ನಲವತ್ತು ವರ್ಷ ಮೀನು ಶೆಡ್ಡಿನ ಗಲಾಟೇಲಿ ನನ್ನ ಮಾತು ನಂಗೇ ಕೇಳ್ತಿರ್ಲಿಲ್ಲ. ಈಗ ನನ್ನ ಮೌನಕ್ಕೂ ಗಿರಾಕಿ ಬಂದ್ರಾ!"

ಹಾಗೆಂದು ಅವಳು ಬಾಯಿ ಮುಚ್ಚಿದಳು. ಕ್ಯಾಮೆರಾ ಓಡುತ್ತಲೇ ಇತ್ತು. ಎರಡು ಗಂಟೆ ಒಂದೇ ಕುರ್ಚಿಯಲ್ಲಿ ಕೂತಿದ್ದವಳ ಮುಖದಿಂದ ನಗು ಮೆಲ್ಲಗೆ ಇಳಿದುಹೋಯಿತು. ದವಡೆ ಬಿಗಿಯಿತು. ಕಣ್ಣು ಕಿಟಕಿಯಾಚೆ ಬಂದರಿನ ಗೋಡೆಯ ಮೇಲೆ ಎಲ್ಲೋ ನಿಂತಿತು. ಮೂವತ್ತು ಸೆಕೆಂಡು ಆಯಿತೆಂದು ರೂರಿ ಹೆಬ್ಬೆರಳು ಎತ್ತಿದೊಡನೆ, "ಅಯ್ಯೋ ನನ್ನ ಬೆನ್ನೇ," ಎಂದು ಎದ್ದು ಇಬ್ಬರಿಗೂ ಬಿಸ್ಕತ್ತಿನ ಡಬ್ಬಿ ತೆರೆದಳು.

ಮೊರ್ವೆನ್ ರೂರಿಯ ಜೊತೆ ಕಾಲೇಜಿನಲ್ಲಿ ವಿಡಿಯೊ ತಯಾರಿಕೆ ಕಲಿಯುತ್ತಿದ್ದಳು. ಅದು ಎರಡನೇ ವರ್ಷ. ಪರಿಚಯದ ಒಬ್ಬರ ಬಗ್ಗೆ ಐದು ನಿಮಿಷದ ಚಿತ್ರ ಮಾಡಬೇಕೆಂದು ಮೇಷ್ಟ್ರು ಕ್ಯಾಲಮ್ ಹೇಳಿದಾಗ ಅವಳು ಹೆಚ್ಚು ಯೋಚಿಸಲಿಲ್ಲ. ಐನಾ ಪಕ್ಕದ ಮನೆಯವಳು. ಅಮ್ಮ ಪಾಳಿಯಿಂದ ಬರುವ ತನಕ ಮೊರ್ವೆನ್ ಶಾಲೆಯ ಚೀಲ ಬಿಸಾಡಿ ಊಟ ಮಾಡುತ್ತಿದ್ದುದು ಅವಳ ಅಡುಗೆಮನೆಯಲ್ಲೇ. ಮೀನು ಸಂಸ್ಕರಿಸುವ ಕಾರ್ಖಾನೆಯ ಮುಷ್ಕರದ ಕಥೆ ಅವಳು ಎಷ್ಟು ಸಲ ಕೇಳಿದ್ದಳೋ. ಐನಾ ಮತ್ತು ತಂಗಿ ಜೆಸ್ಸಿ ಒಂದೇ ಮೇಜಿನಲ್ಲಿ ಹ್ಯಾಡಕ್ ಮೀನು ಸೀಳುತ್ತಿದ್ದವರು. ಮುಷ್ಕರದ ಒಂಬತ್ತನೆಯ ದಿನ ಜೆಸ್ಸಿ, ಮನೆಯಲ್ಲಿ ಮಗುವಿಗೆ ಕಾಯಿಲೆಯೆಂದು, ತಲೆ ತಗ್ಗಿಸಿಕೊಂಡು ಗೇಟು ದಾಟಿ ಕೆಲಸಕ್ಕೆ ಹೋದಳು. ಗೇಟಿನಲ್ಲಿ ನಿಂತಿದ್ದ ಹೆಂಗಸರಲ್ಲಿ ಐನಾಳೂ ಇದ್ದಳು. ಅಂದಿನಿಂದ ಮೂವತ್ತೈದು ವರ್ಷ ಇಬ್ಬರಿಗೂ ಮಾತಿಲ್ಲ. ಜೆಸ್ಸಿ ಇರುವುದು ಹನ್ನೆರಡೇ ಮೈಲಿ ದೂರದಲ್ಲಿ.

ಚಿತ್ರೀಕರಣದ ದಿನ ಮೊರ್ವೆನ್ ಆ ಪ್ರಶ್ನೆಯನ್ನೂ ಕೇಳಿದ್ದಳು. "ಜೆಸ್ಸಿ ಇವತ್ತು ಬಾಗಿಲಿಗೆ ಬಂದ್ರೆ ಏನ್ ಮಾಡ್ತೀರಿ?"

ಐನಾ ಒಂದು ಕ್ಷಣವೂ ತಡೆಯಲಿಲ್ಲ. "ಏನ್ ಮಾಡ್ಲಿ? ಇಷ್ಟು ಹೊತ್ತು ಎಲ್ಲಿ ಹಾಳಾಗಿ ಹೋಗಿದ್ಯೇ ಅಂತ ಬೈದು ಸೂಪ್ ಬಡಿಸ್ತೀನಿ. ಬಾರ್ಲಿ ಸೂಪು ಅಂದ್ರೆ ಅವಳಿಗೆ ಪ್ರಾಣ." ಹೇಳುತ್ತ ನಗು ಉಕ್ಕಿ ಎದೆ ತಟ್ಟಿಕೊಂಡಿದ್ದಳು. ಅಂಗಿಗೆ ಸಿಕ್ಕಿಸಿದ್ದ ಮೈಕು ಡಬಡಬ ಬಡಿದುಕೊಂಡಿತ್ತು.

ಮೊದಲ ಜೋಡಣೆ ನೋಡಿದ ಕ್ಯಾಲಮ್ ಗಡ್ಡ ಕೆರೆದುಕೊಂಡರು. "ಎಲ್ಲಾ ಚೆನ್ನಾಗಿದೆ. ಆದ್ರೆ ಮುಷ್ಕರ, ಅಕ್ಕತಂಗಿ, ಮೂವತ್ತೈದು ವರ್ಷ... ಕೊನೆಗೆ ಬಂದು ಸೂಪಿನಲ್ಲಿ ಮುಗೀತಲ್ಲಮ್ಮಾ! ನೋಡೋರ ಎದೆಗೆ ಏನಾದ್ರೂ ತಾಗ್ಬೇಕು. ಜೊತೆಗೆ ಅಲ್ಲಿ ಧ್ವನಿ ಬೇರೆ ಕೆಟ್ಟಿದೆ. ಯೋಚ್ನೆ ಮಾಡು."

ಅವರು ಹೇಳಿದ್ದು ಅಷ್ಟೇ. ಅದನ್ನು ಮೊರ್ವೆನ್ ಆಮೇಲೆ ತನಗೆ ತಾನೇ ಎಷ್ಟೋ ಸಲ ಹೇಳಿಕೊಳ್ಳಬೇಕಾಯಿತು.

ಮಧ್ಯಾಹ್ನ ಸಂಕಲನದ ಕೋಣೆಯಲ್ಲಿ ಒಬ್ಬಳೇ ಕೂತು ಹುಡುಕುತ್ತಿದ್ದಾಗ ಆ ಅರ್ಧ ನಿಮಿಷ ಕಣ್ಣಿಗೆ ಬಿತ್ತು. ಬಿಗಿದ ದವಡೆ, ಕಿಟಕಿಯಾಚೆ ನೆಟ್ಟ ಕಣ್ಣು. ಅದರಲ್ಲಿ ಹನ್ನೊಂದು ಸೆಕೆಂಡು ಕತ್ತರಿಸಿ, ಪ್ರಶ್ನೆಯ ಬೆನ್ನಿಗೇ ತಂದಿಟ್ಟಳು. "ಜೆಸ್ಸಿ ಇವತ್ತು ಬಾಗಿಲಿಗೆ ಬಂದ್ರೆ ಏನ್ ಮಾಡ್ತೀರಿ?" ಆಮೇಲೆ ಆ ಮುಖ. ಆಮೇಲೆ ಕತ್ತಲೆ. ಅವಳ ತೋಳಿನ ಕೂದಲು ನಿಮಿರಿ ನಿಂತವು. ಒಂದು ಮಾತನ್ನೂ ತಿರುಚಿಲ್ಲವಲ್ಲ ಎಂದುಕೊಂಡಳು. ಸೂಪಿನ ತುಣುಕನ್ನು ಅಳಿಸಲು ಮಾತ್ರ ಮನಸ್ಸು ಬರಲಿಲ್ಲ. ಬೇರೊಂದು ಕಡತಕ್ಕೆ ಸರಿಸಿದಳು.

ತರಗತಿಯಲ್ಲಿ ಚಿತ್ರ ಮುಗಿದಾಗ ಕ್ಯಾಲಮ್ ದೀಪ ಹಾಕಿ, "ಈಗ ನೋಡಿ, ಇದು ಸಿನಿಮಾ," ಎಂದರು.

ಹೊರಗೆ ಪಡಸಾಲೆಯಲ್ಲಿ ರೂರಿ ಅವಳ ಭುಜಕ್ಕೆ ಭುಜ ತಾಗಿಸಿದ. "ಏನೇ, ಅದು ನಾನು ರೆಕಾರ್ಡ್ ಮಾಡಿದ್ದ ಮೌನ ತಾನೇ?"

"ಯಾವ್ದು?"

"ನಾಟಕ ಬೇಡ. ಬೆನ್ನು ನೋವಿನ ಮುಖಾನ ತಂದು ಎಲ್ಲಿಗೆ ಅಂಟಿಸಿದ್ದೀಯ ಮಾರಾಯ್ತಿ! ಕಳ್ಳಿ ಅಂದ್ರೆ ಹೀಗಿರ್ಬೇಕು." ಅವನು ಮೆಚ್ಚಿಕೊಂಡೇ ಹೇಳಿದ್ದ. ಮೊರ್ವೆನ್ ನಕ್ಕಳು. ಅವನ ಕಣ್ಣು ತಪ್ಪಿಸಿ ಚೀಲ ಹೆಗಲಿಗೇರಿಸಿದಳು.

ಮೇ ತಿಂಗಳ ಒಂದು ಶನಿವಾರ ಮಧ್ಯಾಹ್ನ ಊರಿನ ಸಭಾಂಗಣದಲ್ಲಿ ವಿದ್ಯಾರ್ಥಿಗಳ ಚಿತ್ರಗಳ ಪ್ರದರ್ಶನ ಏರ್ಪಾಡಾಯಿತು. ಸ್ಥಳೀಯ ಪತ್ರಿಕೆಯಲ್ಲಿ ಐನಾಳ ಹೆಸರೂ ಬಂತು.

"ನಾನೂ ಬರ್ಲೇನೇ?" ಎಂದು ಬೇಲಿಯಾಚೆಯಿಂದ ಐನಾ ಕೇಳಿದಳು.

"ಅಲ್ಲಿ ಬರೀ ಮರದ ಕುರ್ಚಿ ಆಂಟಿ. ನಿಮ್ಮ ಬೆನ್ನಿಗೆ ಆಗಲ್ಲ. ನಾನೇ ಒಂದಿನ ಮನೇಲಿ ತೋರಿಸ್ತೀನಿ."

"ಅದೂ ಸರಿ ಅನ್ನು. ನನ್ನ ಮೂತಿ ನಾನು ನೋಡ್ಕೊಂಡು ಏನಾಗ್ಬೇಕಿದೆ."

ಅವಳು ಅಷ್ಟು ಸುಲಭವಾಗಿ ಒಪ್ಪಿದ್ದಕ್ಕೆ ಮೊರ್ವೆನ್‌ಗೆ ಹಾಯೆನಿಸಿತು. ಹಾಯೆನಿಸಿತಲ್ಲ ಎಂದು ಮರುಕ್ಷಣವೇ ನಾಚಿಕೆಯಾಯಿತು.

ಸಭಾಂಗಣ ಮುಕ್ಕಾಲು ತುಂಬಿತ್ತು. ಹಿಂದಿನ ಸಾಲಿನ ಕೊನೆಯಲ್ಲಿ ಹಸಿರು ಕೋಟಿನ ಒಬ್ಬ ಹೆಂಗಸು ಕೈಚೀಲವನ್ನು ಮಡಿಲಲ್ಲಿ ಒತ್ತಿ ಹಿಡಿದು ಕೂತಿದ್ದಳು. ಗೋಡೆಗೊರಗಿ ನಿಂತಿದ್ದ ಮೊರ್ವೆನ್ ಪರದೆಗಿಂತ ಹೆಚ್ಚು ಜನರ ಮುಖಗಳನ್ನೇ ನೋಡುತ್ತಿದ್ದಳು. ಐನಾ ಮೀನಿನ ಮೇಜಿನ ಹುಡುಗಾಟ ಹೇಳಿದಾಗ ಎಲ್ಲರೂ ನಕ್ಕರು. ಹಸಿರು ಕೋಟಿನವಳು ಎಲ್ಲರಿಗಿಂತ ಒಂದು ಕ್ಷಣ ಮೊದಲೇ ನಕ್ಕಳು. ಮುಂದೇನು ಬರುತ್ತದೆಂದು ಗೊತ್ತಿದ್ದವರ ಹಾಗೆ. ಪ್ರಶ್ನೆ ಬಂದಾಗ ಅವಳು ಕುರ್ಚಿಯ ಅಂಚಿಗೆ ಬಂದಳು.

ಒಂದು. ಎರಡು. ಮೂರು. ಮೊರ್ವೆನ್‌ಗೆ ಆ ಸೆಕೆಂಡುಗಳ ಲೆಕ್ಕ ಬಾಯಿಪಾಠವಾಗಿತ್ತು. ಏಳಕ್ಕೆ ಬಂದಾಗ ಹಿಂದೆ ಕುರ್ಚಿ ಕರಕರ ಎಂದಿತು. ಎದ್ದು ಹೊರಟ ಆ ಹೆಂಗಸಿನ ಮುಖ ಬಾಗಿಲ ಬೆಳಕಿನಲ್ಲಿ ಒಮ್ಮೆ ಪಕ್ಕದಿಂದ ಕಂಡಿತು. ಅದೇ ದವಡೆ. ಐನಾಳದೇ.

ಚಪ್ಪಾಳೆಯ ನಡುವೆ ಯಾರೋ ಮೊರ್ವೆನ್‌ಳನ್ನು ವೇದಿಕೆಗೆ ತಳ್ಳಿದರು.

ಸೋಮವಾರ ಅವಳು ಕಾಲೇಜಿಗೆ ಹೋಗಲಿಲ್ಲ. ಲ್ಯಾಪ್‌ಟಾಪ್ ಹಿಡಿದು ದಕ್ಷಿಣದ ಬಸ್ಸು ಹತ್ತಿದಳು. ಜೆಸ್ಸಿಯ ಮನೆ, ಐನಾ ಹೇಳುತ್ತಿದ್ದ ಹಾಗೆಯೇ, ಕಡಲಿಗೆ ಎದುರಾಗಿದ್ದ ಸಾಲಿನಲ್ಲಿ ಕೊನೆಯದು. ಬಾಗಿಲು ತೆರೆದ ಜೆಸ್ಸಿ ಅವಳನ್ನು ಗುರುತು ಹಿಡಿದಳು. "ನೀನು ವೇದಿಕೆ ಹತ್ತಿದ ಹುಡುಗಿ ಅಲ್ವಾ? ಹೊರಗಡೆಯಿಂದ ಬಾಗಿಲಿನ ಗಾಜಿನಲ್ಲಿ ನೋಡಿದೆ. ಒಳಗೆ ಬಾ. ನಿಂಗೇನು ಬೇಕು?"

ಮೊರ್ವೆನ್ ಒದರಿಬಿಟ್ಟಳು. ಮೌನ ಎಲ್ಲಿಯದು, ಉತ್ತರ ಯಾವುದು, ಎಲ್ಲ. ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಸೂಪಿನ ತುಣುಕು ಹಾಕಿದಳು. ಐನಾ ಬೈಯುತ್ತೀನೆಂದಳು, ಬಡಿಸುತ್ತೀನೆಂದಳು, ಎದೆ ತಟ್ಟಿಕೊಂಡು ನಕ್ಕಳು.

ಜೆಸ್ಸಿ ಎರಡು ಸಲ ಹಾಕಿಸಿ ನೋಡಿದಳು. ಆಮೇಲೆ ಕನ್ನಡಕ ತೆಗೆದಳು.

"ಇವೆರಡರಲ್ಲಿ ಯಾವ್ದು ನಿಜ?"

"ಇದು. ಖಂಡಿತ ಇದೇ."

"ಶನಿವಾರ ಅದೂ ಖಂಡಿತವಾಗೇ ಇತ್ತಲ್ಲ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. "ನೋಡು ಮಗಳೇ, ಕತ್ತರಿ ನಿನ್ನ ಕೈಲಿದೆ. ಇದನ್ನೂ ಇನ್ಯಾವುದೋ ಪ್ರಶ್ನೆಗೆ ಕೊಟ್ಟ ಉತ್ತರ ಅಂತ ನಾಳೆ ನೀನೇ ಬಂದು ಹೇಳಿದ್ರೆ? ಅವತ್ತು ಗೇಟಿನ ಹತ್ರ ನಮ್ಮಕ್ಕನ ಮುಖ ಶನಿವಾರ ಪರದೆ ಮೇಲೆ ಕಂಡ ಹಾಗೇ ಇತ್ತು. ಅದೇ ಮುಖ, ಕಿಟಕಿ ಕಡೆ ತಿರುಗಿತ್ತಲ್ಲ, ಅದು. ಬದಲಾಗಿರ್ಬೋದು ಅಂತ ಅಂದ್ಕೊಂಡು, ತಲೆ ಕೂದಲು ಮಾಡಿಸ್ಕೊಂಡು, ಹೊಸ ಕೋಟು ಹಾಕ್ಕೊಂಡು ಬಂದಿದ್ದೆ."

ಜೆಸ್ಸಿಯೇ ಲ್ಯಾಪ್‌ಟಾಪಿನ ಮುಚ್ಚಳವನ್ನು ಒಂದು ಬೆರಳಿನಿಂದ ಮೆತ್ತಗೆ ಮುಚ್ಚಿದಳು.

ಎರಡು ದಿನ ಮೊರ್ವೆನ್ ಐನಾಳ ಕಣ್ಣು ತಪ್ಪಿಸಿಕೊಂಡು ಹಿತ್ತಿಲ ಬಾಗಿಲಿಂದ ಓಡಾಡಿದಳು. ಬುಧವಾರ ಕ್ಯಾಲಮ್ ಹತ್ತಿರ ಹೋಗಿ ಚಿತ್ರವನ್ನು ಇನ್ನೆಲ್ಲೂ ತೋರಿಸಬೇಡಿ ಎಂದಳು. ಕಾರಣ ಕೇಳಿ ಅವರು ಪೆನ್ನಿಗೆ ಮುಚ್ಚಳ ಹಾಕಿ ಪಕ್ಕಕ್ಕಿಟ್ಟರು. "ಸೂಪಿನ ಬಗ್ಗೆ ನಾನು ಹಾಗೆ ಹೇಳ್ಬಾರ್ದಿತ್ತು," ಎಂದರು. ಅವರು ಬೈದಿದ್ದರೆ ಚೆನ್ನಾಗಿತ್ತು ಎನಿಸಿತು ಅವಳಿಗೆ.

ಗುರುವಾರ ಐನಾ ಆಲೂಗಡ್ಡೆ ಹೆರೆಯುತ್ತಿದ್ದಳು. ಮೊರ್ವೆನ್ ನಿಂತುಕೊಂಡೇ ಎಲ್ಲ ಹೇಳಿದಳು. ಚಾಕು ನಿಂತಿತು.

"ತೋರ್ಸು."

ತೋರಿಸಿದಳು. ಪ್ರಶ್ನೆ, ಹನ್ನೊಂದು ಸೆಕೆಂಡು, ಕತ್ತಲೆ. ಐನಾ ತನ್ನ ಮುಖವನ್ನು ಯಾರೋ ಪರಿಚಯದವರನ್ನು ನೋಡುವ ಹಾಗೆ ನೋಡಿದಳು.

"ಅವಳು ಬಂದಿದ್ಲಾ? ನಿಜವಾಗ್ಲೂ ಬಂದಿದ್ಲಾ?"

"ಬಂದಿದ್ರು."

"ಒಬ್ಬಳೇನಾ? ಯಾವ ಕೋಟು ಹಾಕ್ಕೊಂಡಿದ್ಲು?"

"ಹಸಿರಿಂದು. ಹೊಸದು." ಮೊರ್ವೆನ್‌ಗೆ ಅಳು ಒತ್ತರಿಸಿ ಬಂತು. "ಬೈರಿ ಆಂಟಿ. ಏನಾದ್ರೂ ಅನ್ನಿ."

"ಬೈದ್ರೆ ನಿಂಗೆ ಹಗುರ ಆಗುತ್ತೆ. ನಾನ್ಯಾಕೆ ಹಗುರ ಮಾಡ್ಲಿ?" ಐನಾ ಸಿಪ್ಪೆಗಳನ್ನು ಒಂದೆಡೆ ಗುಡಿಸಿದಳು. "ಆ ಮುಖ ನೀನು ಮಾಡಿದ್ದಲ್ಲ, ಹುಡುಗಿ. ಅದು ನಂದೇ. ಗೇಟಿನಲ್ಲಿ ಅವಳಿಗೆ ಕೊಟ್ಟಿದ್ದೂ ನಾನೇ. ಆದ್ರೆ ಅದನ್ನ ಎಲ್ಲಿ ಇಡ್ತಾ ಇದ್ದೀಯ ಅಂತ ನಿಂಗೆ ಗೊತ್ತಿತ್ತು. ಗೊತ್ತಿತ್ತೋ ಇಲ್ವೋ?"

"ಗೊತ್ತಿತ್ತು."

"ಹೂಂ. ಬಸ್ಸು ಎಷ್ಟೊತ್ತಿಗೆ?"

ಬಸ್ಸಿನಲ್ಲಿ ಐನಾ ಮುಂದಿನ ಸೀಟಿನಲ್ಲಿ ಒಬ್ಬಳೇ ಕೂತಳು. ಹನ್ನೆರಡು ಮೈಲಿಗೆ ಮುಕ್ಕಾಲು ಗಂಟೆ ಹಿಡಿಯಿತು. ನಿಲ್ದಾಣದಲ್ಲಿ ಇಳಿದ ಮೇಲೆ ಮೊರ್ವೆನ್ ಅವಳ ತೋಳು ಹಿಡಿಯಲು ಹೋದಳು. ಐನಾ ತೋಳು ಬಿಡಿಸಿಕೊಂಡಳು.

"ನೀನಿಲ್ಲೇ ನಿಂತಿರು. ಇದಕ್ಕೆ ನೀನು ಬೇಡ."

ರಸ್ತೆಯಾಚೆ ಮನೆಗಳ ಮುಂದಿನ ಹುಲ್ಲಿನಲ್ಲಿ ಜೆಸ್ಸಿ ಹಗ್ಗಕ್ಕೆ ಬಟ್ಟೆ ಒಣಹಾಕುತ್ತಿದ್ದಳು. ಮೋಡ ಕವಿದಿತ್ತು, ಕಡಲ ಗಾಳಿ ಜೋರಾಗಿತ್ತು. ಐನಾ ಬೆನ್ನಿಗೆ ಒಂದು ಕೈ ಕೊಟ್ಟು ಮೆಲ್ಲಗೆ ರಸ್ತೆ ದಾಟಿದಳು. ಜೆಸ್ಸಿ ತಿರುಗಿ ನೋಡಿದ್ದು ಮೊರ್ವೆನ್‌ಗೆ ಕಂಡಿತು. ಅಷ್ಟರಲ್ಲಿ ಗಾಳಿಗೆ ದೊಡ್ಡ ಬಿಳಿ ಹೊದಿಕೆಯೊಂದು ಉಬ್ಬಿ, ಇಳಿದು, ಇಬ್ಬರಿಗೂ ಅಡ್ಡವಾಗಿ ನೇತುಬಿದ್ದಿತು. ಮುಖ ಯಾವುದೂ ಕಾಣುತ್ತಿರಲಿಲ್ಲ. ಗಾಳಿಯ ಸದ್ದಿನಲ್ಲಿ ಮಾತಿತ್ತೋ ಇರಲಿಲ್ಲವೋ ತಿಳಿಯುತ್ತಿರಲಿಲ್ಲ.

ವಾಪಸ್ಸು ಹೋಗುವ ಬಸ್ಸು ಬಂದು ನಿಂತಿತು. ಚಾಲಕ ಬಾಗಿಲು ತೆರೆದು ಅವಳತ್ತ ನೋಡಿದ. ಮೊರ್ವೆನ್ ಬೇಡವೆಂದು ತಲೆಯಾಡಿಸಿದಳು. ಬಸ್ಸು ಸರಿದುಹೋದ ಮೇಲೆ ನೋಡಿದರೆ ಹೊದಿಕೆ ಅಲ್ಲೇ ತೂಗುತ್ತಿತ್ತು. ಅದರ ಕೆಳಗೆ ಹುಲ್ಲಿನ ಮೇಲೆ ಒಂದು ಜೊತೆ ಮನೆಚಪ್ಪಲಿ, ಒಂದು ಜೊತೆ ಕಪ್ಪು ಬೂಟು, ಎದುರುಬದುರಾಗಿ ನಿಂತಿದ್ದವು.