ಚಕ್ರದ ಖಾಲಿ ಮನೆ

"ಪ್ಲೇಟಿನ ಪೆಟ್ಟಿಗೆ ಆ ಕಡೆ ಇಡ್ಬೇಕಂತೆ ಕಣಯ್ಯಾ. ಈ ಕಡೆ ದೊಡ್ಡೋರು ಹತ್ತೋ ಮೆಟ್ಲಂತೆ, ಹೆಡ್‌ಮಾಸ್ಟ್ರು ಒಪ್ಪಲ್ಲ," ಎಂದು ವೆಂಕಟರಾಯಪ್ಪ ಹಾಡಿನ ಪ್ಲೇಟು ಹಾಕುವ ಪೆಟ್ಟಿಗೆಯನ್ನು ಎದೆಗವಚಿಕೊಂಡು ವೇದಿಕೆಯ ಆಚೆ ಮೂಲೆಗೆ ನಡೆದೇಬಿಟ್ಟ.

ರಾಮಾಂಜಿನಪ್ಪನಿಗೆ ಆ ಮಾತು ಕೇಳಿಸಿತು ಎನ್ನುವುದಕ್ಕಿಂತ ಕಂಡಿತು ಎನ್ನಬೇಕು. ಎದುರಿಗೆ ತುಟಿ ಅಲ್ಲಾಡಿತು, ಪೆಟ್ಟಿಗೆ ಎದ್ದು ಆಚೆ ಹೋಯಿತು. "ಹ್ಞೂಂ, ಸರಿ ಸರಿ," ಎಂದ. ಯಾರು ಏನಂದರೂ ಹ್ಞೂಂ ಸರಿ ಅನ್ನುವುದನ್ನು ಹೋದ ಮಳೆಗಾಲದ ಜ್ವರದಿಂದ ಈಚೆಗೆ ಕಲಿತಿದ್ದ. ಆ ಜ್ವರ ಹೋಗುವಾಗ ಬಲಗಿವಿಯನ್ನು ಪೂರ್ತಿ ಹೊತ್ತುಕೊಂಡು ಹೋಗಿತ್ತು. ಎಡಗಿವಿಯಲ್ಲಿ ಒಂದಿಷ್ಟು ಗುಂಯ್ ಎನ್ನುವುದನ್ನು ಬಿಟ್ಟುಹೋಗಿತ್ತು. ಇದು ಯಾರಿಗೂ ಗೊತ್ತಿರಲಿಲ್ಲ. "ಈ ಗಂಡಸಿಗೆ ಹೇಳೋದೂ ಒಂದೇ, ಗೋಡೆಗೆ ಹೇಳೋದೂ ಒಂದೇ" ಎಂದು ಹೆಂಡತಿ ಓಬಳಮ್ಮ ಬೈಯುತ್ತಿದ್ದಳು ನಿಜ. ಆದರೆ ಮದುವೆಯಾದ ವರ್ಷದಿಂದಲೂ ಅವಳು ಹಾಗೇ ಬೈಯುತ್ತಿದ್ದಳು.

ಚಿಂತಾಮಣಿಯ ವೆಂಕಟರಾಯಪ್ಪನದು ಮೈಕು, ದೀಪ, ಪ್ಲೇಟು ಎಲ್ಲವನ್ನೂ ಬಾಡಿಗೆಗೆ ಕೊಡುವ ಅಂಗಡಿ. ಸುತ್ತಮುತ್ತ ಎಲ್ಲಿ ನಾಟಕವಾಗಲಿ, ಸ್ಕೂಲ್ ಡೇ ಆಗಲಿ, ಬಣ್ಣದ ಬೆಳಕು ಬಿಡುವವನು ರಾಮಾಂಜಿನಪ್ಪ. ಸೀಮೆಎಣ್ಣೆ ಡಬ್ಬದೊಳಗೆ ದೊಡ್ಡ ಬಲ್ಬು, ಅದರ ಮುಂದೆ ಹಳೇ ಸೈಕಲ್ಲಿನ ಚಕ್ರ. ಐದು ಬಿಟ್ಟು ಉಳಿದ ಕಡ್ಡಿಗಳನ್ನು ಕಿತ್ತು ಚಕ್ರವನ್ನು ಐದು ಮನೆ ಮಾಡಿ, ನಾಲ್ಕಕ್ಕೆ ನೀಲಿ, ಹಸಿರು, ಹಳದಿ, ಕೆಂಪು ಬಣ್ಣದ ಕಾಗದ ಬಿಗಿದಿದ್ದ. ಐದನೆಯದು ಖಾಲಿ, ಬಿಳಿ ಬೆಳಕಿಗೆ. ಹಾಡು ನಿಧಾನವಾದರೆ ಚಕ್ರ ನಿಧಾನ, ಹಾಡು ಓಡಿದರೆ ಚಕ್ರವೂ ಓಡಬೇಕು. ತಿರುಗಿಸುವುದು ಯಾರಾದರೂ ತಿರುಗಿಸಿಯಾರು, ತಾಳಕ್ಕೆ ಸರಿಯಾಗಿ ಬಣ್ಣ ಬೀಳಿಸುವುದಕ್ಕೆ ಕಿವಿ ಬೇಕು.

ಆ ಕಿವಿಯೇ ಹೋದಮೇಲೆ ಅವನು ಉಪಾಯ ಕಂಡುಕೊಂಡಿದ್ದ. ಪೆಟ್ಟಿಗೆಯ ಪಕ್ಕದಲ್ಲೇ ಕೂತು ಎಡಗೈಯನ್ನು ಅದರ ಮೇಲೆ ಊರಿದರೆ ಹಾಡು ಅಂಗೈಯಲ್ಲಿ ಅದುರುತ್ತಿತ್ತು. ಬಲಗೈ ಚಕ್ರ ತಿರುಗಿಸುತ್ತಿತ್ತು. ಮುರುಗಮಲ್ಲದ ನಾಟಕದಲ್ಲಿ ಮಾತ್ರ ಪೆಟ್ಟಿಗೆ ದೂರವಾಗಿ, ಸತ್ತ ರಾಕ್ಷಸ ಎದ್ದು ಪರದೆಯ ಹಿಂದೆ ಹೋಗುವ ಹೊತ್ತಿಗೆ, ಅವನು ಸಾಯುವಾಗ ಬೀಳಬೇಕಿದ್ದ ಕೆಂಪು ಬಿದ್ದಿತ್ತು. ಜನ ಬಿದ್ದು ಬಿದ್ದು ನಕ್ಕಿದ್ದರು. ಮಾರನೆಯ ದಿನ ವೆಂಕಟರಾಯಪ್ಪ ಮುಖಕ್ಕೆ ಮುಖ ಕೊಟ್ಟು ಹೇಳಿದ್ದ: "ನೋಡು ರಾಮಾಂಜಿ, ಅಡ್ಡಗೋಡೆ ಮೇಲೆ ದೀಪ ಇಟ್ಟಂಗೆ ನಾನು ಮಾತಾಡಲ್ಲ. ಇನ್ನೊಂದ್ಸಲ ಹಿಂಗಾದ್ರೆ ಚಕ್ರ ಬೇರೆಯವರ ಕೈಗೆ ಹೋಗ್ತದೆ."

ಇನ್ನೊಂದು ಸಲ ಎಂದರೆ ಇವತ್ತೇ. ಅವನದೇ ಊರು ಶಿಡ್ಲಘಟ್ಟದ ಹೈಸ್ಕೂಲಿನ ವಾರ್ಷಿಕೋತ್ಸವ. ಹೊತ್ತು ಮುಳುಗಿ ರೇಷ್ಮೆಗೂಡು ಬೇಯಿಸುವ ವಾಸನೆ ಗಾಳಿಯ ಜೊತೆ ಬಯಲಿಗೆ ಬರುತ್ತಿತ್ತು. ವೆಂಕಟರಾಯಪ್ಪನ ಎಚ್ಚರಿಕೆ ಸಾಲದೆಂಬಂತೆ, ಕುಣಿಯುವವಳು ಅವನ ಮಗಳೇ, ಅಮ್ಮಾಜಿ. ನವಿಲಿನ ಕುಣಿತ. ಒಂಬತ್ತನೇ ಕ್ಲಾಸಿನ ಹುಡುಗಿ ವೇದಿಕೆ ಹತ್ತುವುದೇ ಇದು ಮೊದಲು.

ಮನೆಯಲ್ಲಿ ಅವಳು ಅಭ್ಯಾಸ ಮಾಡುವಾಗಲೆಲ್ಲ ಅವನು ಅಂಗಡಿಯಿಂದ ತಂದ ಪೆಟ್ಟಿಗೆಯ ಮೇಲೆ ಅಂಗೈ ಊರಿ ಕೂತಿರುತ್ತಿದ್ದ. "ಅಪ್ಪಂಗೆ ಈ ಹಾಡು ಅಂದ್ರೆ ಪ್ರಾಣ ಕಣಮ್ಮಾ," ಎಂದು ಹುಡುಗಿ ನಗುತ್ತಿದ್ದಳು. ಅದು ಪ್ರೀತಿಯಲ್ಲ, ಭಯ. ಕೈಗೆ ಹಾಡನ್ನು ಉರು ಹೊಡೆಸುತ್ತಿದ್ದ. ಕೈ ಮರೆತರೂ ಮಗಳ ಪಾದ ಕಾಣುತ್ತದಲ್ಲ, ಅದನ್ನು ನೋಡಿಕೊಂಡು ಹೋದರಾಯಿತು ಎಂದು ಧೈರ್ಯ ತಂದುಕೊಂಡಿದ್ದ.

ಪರದೆ ಸರಿಯಿತು. ನವಿಲು ಬಂತು. ಕುಣಿತ ಕಲಿಸಿದ ಶ್ಯಾಮಲಮ್ಮ ಟೀಚರು ಅವಳಿಗೆ ಹಸಿರು ಲಂಗವನ್ನು ಹಲಗೆ ಗುಡಿಸುವಷ್ಟು ಉದ್ದ ಉಡಿಸಿದ್ದರು. ಪಾದವೇ ಕಾಣಲಿಲ್ಲ. 'ಸರಿಹೋಯ್ತು, ನನ್ನ ಕತೆ ಮುಗೀತು' ಎಂದುಕೊಂಡ ರಾಮಾಂಜಿನಪ್ಪ. ಆಚೆ ಮೂಲೆಯಲ್ಲಿ ವೆಂಕಟರಾಯಪ್ಪ ಮುಳ್ಳು ಇಳಿಸಿ ಕೈ ಎತ್ತಿದ.

ಮೊದಲು ಮೋಡ ಕವಿಯುವುದು: ನೀಲಿ, ಬಲು ನಿಧಾನ. ಅಮ್ಮಾಜಿಯ ಕತ್ತು ನೀಲಿಯಲ್ಲಿ ಕೊಂಕಿತು. ಆಮೇಲೆ ಹಸಿರು. ಅವಳ ಕೈ ಅರಳಿದ ಕ್ಷಣಕ್ಕೇ ಹಸಿರು ಬಿತ್ತು. ಕೈ ಮರೆತಿಲ್ಲ! ಅವನಿಗೆ ಉಸಿರು ಬಂತು. ಹಳದಿ. ಇನ್ನು ನಡೆ ಎರಡರಷ್ಟಾಗಬೇಕು, ಮಳೆ ಶುರುವಾಗಬೇಕು. ಚಕ್ರವನ್ನು ಬಿರುಸು ಮಾಡಿದ.

ಅಮ್ಮಾಜಿ ಬಿರುಸಾಗಲಿಲ್ಲ. ಎಡಕ್ಕೆ ವಾಲಿದಳು. ಮತ್ತೆ ಎಡಕ್ಕೇ ವಾಲಿದಳು. ಮತ್ತೂ ಎಡಕ್ಕೇ. ಆಮೇಲೆ ಗರಿ ಬಿಚ್ಚಿದ ಕೈ ಹಾಗೇ ನಿಂತುಹೋಯಿತು.

ಅಯ್ಯೋ, ಮರೆತಳು! ಮುಂದಿನ ಸಾಲಿನ ಹುಡುಗಿಯರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡಿದ್ದರು. ಶ್ಯಾಮಲಮ್ಮ ಟೀಚರು ಪರದೆಯ ಮರೆಯಿಂದ ಕೈ ಆಡಿಸುತ್ತಿದ್ದರು. ರಾಮಾಂಜಿನಪ್ಪ ಚಕ್ರದ ಹತ್ತಿರಕ್ಕೆ ಜರುಗಿ ಕೂತ. ತನ್ನ ಕೆಲಸ ಹೋದರೆ ಹೋಗಲಿ, ಕೂಸು ಊರ ಮುಂದೆ ನಗೆಪಾಟಲಾಗಬಾರದು. ಎಲ್ಲಿದ್ದೇವೆ ಎಂದು ಅವಳಿಗೆ ನೆನಪು ಮಾಡಬೇಕು. ಅವನು ಚಕ್ರವನ್ನು ಒತ್ತಿ ಒತ್ತಿ ತಿರುಗಿಸಿದ: ನೀಲಿ, ಹಸಿರು, ಹಳದಿ, ಕೆಂಪು. 'ಬಾ ತಾಯಿ, ಇಲ್ಲಿದೀವಿ, ಇಲ್ಲಿಗೆ ಬಾ.'

ಅವಳು ಮುಖ ತಿರುಗಿಸಿದಳು. ಜನರ ಕಡೆಗಲ್ಲ, ದೀಪದ ಕಡೆಗೆ. ಕಣ್ಣು ಕಿರಿದಾಗಿಸಿ ಒಂದು ಸುತ್ತು ನೋಡಿದಳು. ಮುಂದಿನ ನೀಲಿಗೆ ಹೆಜ್ಜೆ ಎತ್ತಿದಳು. ಹಸಿರಿಗೆ ತಿರುಗಿದಳು. ಕೆಂಪಿಗೆ ನೆಗೆದಳು. ಚಕ್ರ ಓಡಿದರೆ ಅವಳೂ ಓಡಿದಳು. ಒಂದು ಬಣ್ಣವನ್ನೂ ತಪ್ಪಿಸಲಿಲ್ಲ. ಅಬ್ಬಾ, ಹಾಡನ್ನು ಮತ್ತೆ ಹಿಡಿದುಬಿಟ್ಟಳು ನನ್ನ ಮಗಳು ಎಂದು ಅವನ ಕಣ್ಣು ತುಂಬಿತು. ಆ ಸಂತೋಷದಲ್ಲೇ ಆಚೆ ಮೂಲೆಗೆ ನೋಡಿದ.

ಪೆಟ್ಟಿಗೆಯ ಮೇಲೆ ಪ್ಲೇಟಿರಲಿಲ್ಲ. ಅದು ವೆಂಕಟರಾಯಪ್ಪನ ಕೈಯಲ್ಲಿತ್ತು. ಅವನು ಅದನ್ನು ಪಂಚೆಯ ತುದಿಯಿಂದ ಒರೆಸುವುದನ್ನೂ ಮರೆತು, ಬಾಯಿ ಬಿಟ್ಟುಕೊಂಡು ಹುಡುಗಿಯನ್ನು ನೋಡುತ್ತಿದ್ದ.

ಹಾಗಾದರೆ ಹಾಡು? ಅವಳು ಮರೆತಿರಲಿಲ್ಲ. ಹಾಡು ಕೆಟ್ಟು ನಿಂತಿತ್ತು. ಇಡೀ ಬಯಲಿಗೆ ಅದು ಗೊತ್ತಿತ್ತು, ರಾಮಾಂಜಿನಪ್ಪನೊಬ್ಬನಿಗೆ ಬಿಟ್ಟು. ಈಗ ಕೈ ನಿಂತರೆ ಮಗಳೂ ನಿಲ್ಲುತ್ತಾಳೆ. ಅವನು ಮಳೆಯನ್ನು ಕೊನೆಯವರೆಗೂ ಸುರಿಸಿದ. ಕಡೆಯ ಕೆಂಪಿಗೆ ಅವಳು ಮಂಡಿಯೂರಿ ಗರಿ ಮುಚ್ಚಿದಳು. ಸಾವಿರ ಕೈಗಳು ಒಮ್ಮೆಲೇ ಮೇಲೆದ್ದು ಚಪ್ಪಾಳೆ ತಟ್ಟುವುದು ಕಾಣಿಸಿತು.

ವೆಂಕಟರಾಯಪ್ಪ ಓಡಿಬಂದು ಅವನ ಎರಡೂ ಭುಜ ಹಿಡಿದು ಮುಖದ ಹತ್ತಿರವೇ ಕಿರುಚಿದ. "ಏಮಯ್ಯಾ, ಗಟ್ಟಿಗ ಕಣಯ್ಯಾ ನೀನು! ಮುಳ್ಳು ಒಂದೇ ಗೆರೇಲಿ ಸಿಕ್ಕಾಕ್ಕೊಂಡು ಹಾಡಿದ್ದೇ ಹಾಡ್ತಿತ್ತು, ಪ್ಲೇಟೇ ಎತ್ತಿಬಿಟ್ಟೆ. ನೀನು ಮಾತ್ರ ಕೈ ನಿಲ್ಲಿಸ್ಲಿಲ್ಲ! ಬರೀ ಗೆಜ್ಜೆ ಸದ್ದು! ಜನ ಉಸಿರೇ ಬಿಡಲಿಲ್ಲವಯ್ಯಾ. ಈ ಚಕ್ರ ಇನ್ನು ನಿಂದೇ, ಯಾರ ಕೈಗೂ ಕೊಡಲ್ಲ ತಗೋ."

"ಹ್ಞೂಂ, ಸರಿ ಸರಿ," ಎಂದ ರಾಮಾಂಜಿನಪ್ಪ. ನಗಲು ನೋಡಿದ. ಬದುಕಿಕೊಂಡೆ ಎನ್ನಿಸಿತು, ಅದರ ಹಿಂದೆಯೇ ನಾಚಿಕೆಯೂ ಆಯಿತು.

ಬಹುಮಾನ ಕೊಟ್ಟಿದ್ದಾಯಿತು, ಜನ ಕರಗಿದರು, ಚಪ್ಪರದ ದೀಪಗಳನ್ನು ಆರಿಸಿದರು. ಅವನ ಡಬ್ಬದ ದೀಪವೊಂದೇ ಉಳಿದಿತ್ತು, ಎದುರಿನ ಹಲಗೆಯ ಮೇಲೆ ಕೆಂಪು ಚೆಲ್ಲಿಕೊಂಡು. ಅಮ್ಮಾಜಿ ಗೆಜ್ಜೆ ಕೈಯಲ್ಲಿ ಹಿಡಿದು ಅವನ ಪಕ್ಕಕ್ಕೆ ಬಂದಳು. ಕತ್ತಲಲ್ಲಿ ಅವಳ ಮುಖ ಕಾಣಲಿಲ್ಲ. ಏನೋ ಅಂದಳೆಂದು ಮೈಯ ಅಲ್ಲಾಟದಿಂದ ಗೊತ್ತಾಯಿತು.

"ಹ್ಞೂಂ, ಸರಿ," ಎಂದ.

ಹುಡುಗಿ ತಿರುಗಿ ವೇದಿಕೆಯ ಮೇಲೆ ನಡೆದು, ಕುಣಿದಿದ್ದ ಜಾಗಕ್ಕೇ ಹೋಗಿ, ದೀಪಕ್ಕೆ ಮುಖ ಕೊಟ್ಟು ನಿಂತಳು. ಕೆಂಪಿನಲ್ಲಿ ಅವಳ ತುಟಿ ಎಲ್ಲಿ, ಕೆನ್ನೆ ಎಲ್ಲಿ ತಿಳಿಯುತ್ತಿರಲಿಲ್ಲ. ಅವಳು ಕಾಯುತ್ತಿದ್ದಳು.

ರಾಮಾಂಜಿನಪ್ಪ ಬಹಳ ಹೊತ್ತು ಚಕ್ರವನ್ನು ಮುಟ್ಟಲಿಲ್ಲ. ಆಮೇಲೆ ಒಂದೇ ಒಂದು ಮನೆ ಸರಿಸಿದ. ಖಾಲಿ ಮನೆಯಿಂದ ಬಿಳಿ ಬೆಳಕು ಅವಳ ಮುಖದ ಮೇಲೆ ಬಿತ್ತು. ಕಾಡಿಗೆ ಕದಡಿಹೋಗಿತ್ತು.

"ಯಾವಾಗಿಂದ, ಅಪ್ಪಾ?" ಎಂದವು ಅವಳ ತುಟಿಗಳು, ನಿಧಾನವಾಗಿ, ಒಂದೊಂದೇ ಅಕ್ಷರ.