ಹೊಂಬಾಳಮ್ಮನ ಪಾಳಿ

ಪೇದೆ ಸಂಗಮೇಶ್ ಕಾಲನಿಯೊಳಗೆ ಬರುತ್ತಿರಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ಬೈಕ್ ನಿಲ್ಲಿಸಿ, ಎಂಜಿನ್ ಕೂಡ ಆಫ್ ಮಾಡದೆ, ಎರಡು ಸಲ ಹಾರ್ನ್ ಹೊಡೆಯುತ್ತಿದ್ದ. ಸುತ್ತ ಎಲ್ಲೋ ಕಳ್ಳತನ ಆಗಿದೆ, ಠಾಣೆಗೆ ಒಬ್ಬ ಗಂಡಸು ಬೇಕು ಅಂತ ಅಷ್ಟಕ್ಕೇ ಎಲ್ಲರಿಗೂ ಗೊತ್ತಾಗುತ್ತಿತ್ತು.

ನಿಟ್ಟೂರಿನ ಆಚೆ ರೈಲ್ವೆ ಹಳಿ ದಾಟಿದರೆ ಸಿಗುವ ಈ ಕಾಲನಿಯಲ್ಲಿ ಇರುವವರು ಕೊರಮರು. ದೊಡ್ಡವರು ಬಿದಿರು ಸೀಳಿ ಮೊರ, ಮಂಕರಿ ಹೆಣೆಯುತ್ತಾರೆ; ಹುಡುಗರು ಹಿರೇಹಳ್ಳಿ, ಅಂತರಸನಹಳ್ಳಿಯ ಫ್ಯಾಕ್ಟರಿಗಳಿಗೆ ಹೋಗುತ್ತಾರೆ. ಇವರನ್ನು ಹುಟ್ಟುಗಳ್ಳರೆಂದು ಕರೆದ ಬ್ರಿಟಿಷರ ಕಾನೂನು ರದ್ದಾಗಿ ಎಪ್ಪತ್ತು ವರ್ಷ ದಾಟಿದೆ. ಹಾರ್ನಿಗೆ ಅದು ಗೊತ್ತಿರಲಿಲ್ಲ.

ಹಿಂದೆ ಜೀಪೇ ಬರುತ್ತಿತ್ತು. ಮನೆಮನೆಗೆ ನುಗ್ಗಿ, ಪಾತ್ರೆ ಪಗಡೆ ಎಸೆದು, ಕೈಗೆ ಸಿಕ್ಕವರನ್ನೆಲ್ಲ ತುಂಬಿಕೊಂಡು ಹೋಗುತ್ತಿದ್ದರು. ಅದನ್ನು ತಪ್ಪಿಸಲು ಕಾಲನಿಯ ಯಜಮಾನ ನರಸಿಂಹಯ್ಯ ಪಾಳಿ ಮಾಡಿದ, ಗದ್ದೆಗೆ ನೀರು ಬಿಡಲು ಮಾಡುವ ಹಾಗೆ. ಹಾರ್ನ್ ಆದಾಗ ಪಾಳಿ ಇದ್ದ ಮನೆಯ ಗಂಡಸು ತಾನಾಗಿ ಹೋಗಿ ಬೈಕ್ ಹತ್ತಬೇಕು. ಒಂದೆರಡು ದಿನ ಠಾಣೆಯಲ್ಲಿ ಕೂತು, ಏಟು ತಿಂದು, ಬೆರಳಚ್ಚು ಕೊಟ್ಟು ಬರಬೇಕು. ಮಿಕ್ಕ ಮನೆಗಳು ತಣ್ಣಗಿರುತ್ತಿದ್ದವು. ಇದು ಜಾಣತನ ಅಂತಲೇ ಎಲ್ಲರೂ ನಂಬಿದ್ದರು. ಪಾಳಿ ಸುತ್ತಿ ಸುತ್ತಿ ಎಲ್ಲ ಮನೆಯ ಬೆರಳಚ್ಚೂ ಠಾಣೆ ಸೇರಿತು. ಪಾಳಿಗೆ ಹೋಗಿ ಬಂದ ಯಾವ ಹುಡುಗ ಕೆಲಸಕ್ಕೆ ಸೇರಲು ಹೋದರೂ, ಇವನನ್ನು ಅನುಮಾನದ ಮೇಲೆ ಕರೆತಂದಿದ್ದೆವು ಎಂದು ಪೊಲೀಸರು ಹೇಳುವಂತಾಯಿತು. ನಾವೇ ನಡೆದು ಹೋಗಿ ಕಳ್ಳರಾಗ್ತಿದೀವಿ ಎಂದು ಫ್ಯಾಕ್ಟರಿಗೆ ಹೋಗುವ ಹುಡುಗ ಭೀಮರಾಜ್ ಹೇಳಿದಾಗ ನರಸಿಂಹಯ್ಯ, ಜೀಪು ನೋಡದ ಹುಡುಗರು ಬಾಯಿಗೆ ಬಂದದ್ದು ಮಾತಾಡುತ್ತವೆ ಎಂದಿದ್ದ.

ಆ ಶುಕ್ರವಾರ ಹಾರ್ನ್ ಆದಾಗ ಪಾಳಿ ಇದ್ದದ್ದು ಭೀಮರಾಜನ ಮನೆಯದೇ. ಅವನ ಅಪ್ಪ ಮೂಡಲಗಿರಿಯಪ್ಪನ ಮಂಡಿ ಕಳೆದ ಪಾಳಿಯಲ್ಲೇ ಲಾಠಿ ಏಟಿಗೆ ಮುರಿದುಹೋಗಿತ್ತು. ಉಳಿದವನು ಇದುವರೆಗೆ ಒಮ್ಮೆಯೂ ಬೈಕ್ ಹತ್ತದ ಮಗ. ಅವನು ಯೂನಿಫಾರಂ ಹಾಕಿಕೊಂಡು ಹಿರೇಹಳ್ಳಿಗೆ ಹೊರಟಿದ್ದ. ಕಾಂಟ್ರಾಕ್ಟ್ ಮೇಲೆ ದುಡಿದವನನ್ನು ಕಂಪನಿ ಕೊನೆಗೂ ಪರ್ಮನೆಂಟ್ ಮಾಡುವುದಿತ್ತು. ಪೊಲೀಸ್ ಸರ್ಟಿಫಿಕೇಟ್ ಒಂದು ಬರಬೇಕಿತ್ತು. ಇವತ್ತು ಬೈಕ್ ಹತ್ತಿದರೆ ಅದು ಬರುವುದಿಲ್ಲ.

ಮೊನ್ನೆ ರಾತ್ರಿ ಯಾರದೋ ತೋಟದ ಬೋರ್‌ವೆಲ್ಲಿನ ಕೇಬಲ್ ಕದ್ದಿದ್ದಾರಂತೆ. ಭೀಮರಾಜ್ ಟ್ಯಾಂಕಿನ ತನಕ ಹೋದ. ಆವತ್ತು ರಾತ್ರಿ ಶಿಫ್ಟ್‌ನಲ್ಲಿದ್ದೆ, ಫ್ಯಾಕ್ಟರಿಯಲ್ಲಿ ಹಾಜರಿ ಪಂಚ್ ಆಗಿದೆ, ಬೇಕಾದರೆ ಕೇಳಿ ಎಂದ. ಅದನ್ನೆಲ್ಲ ಸ್ಟೇಷನ್‌ನಲ್ಲಿ ಹೇಳು ಎಂದ ಸಂಗಮೇಶ್.

"ನೋಟಿಸ್ ಕೊಡಿ ಸಾರ್, ಬರ್ತೀನಿ."

"ಏನ್ಲಾ, ಲಾಯರ್ ಆಗ್ಬುಟ್ಟಾ? ನಿಮ್ಮಪ್ಪಂಗೆ ಯಾವ ನೋಟಿಸ್ ಕೊಟ್ಟಿದ್ವು?"

ನರಸಿಂಹಯ್ಯ ಓಡಿ ಬಂದು ಹುಡುಗನ ತೋಳು ಹಿಡಿದ. ನೀನು ಹೋಗದಿದ್ದರೆ ಸಂಜೆಗೆ ಜೀಪು ಬರುತ್ತದೆ, ಕಾಲನಿಯ ಹೆಂಗಸರು ಮಕ್ಕಳ ಮುಖ ನೋಡು ಎಂದು ಬೇಡಿದ. ಭೀಮರಾಜ್ ಕೈ ಕೊಡವಿದ, ಆದರೆ ಕಾಲು ಕೀಳಲಿಲ್ಲ. ಜೀಪಿನ ಮಾತು ಅವನಿಗೂ ತಾಕಿತ್ತು.

ಅವನ ಅವ್ವ ಹೊಂಬಾಳಮ್ಮ ಜಗಲಿಯ ಮೇಲೆ ಬಿದಿರು ಸೀಳುತ್ತಿದ್ದಳು. ಮಚ್ಚು ಕೆಳಗಿಟ್ಟಳು, ಮಡಿಲಿನ ಸಿಬಿರು ಕೊಡವಿದಳು, ಬಂದು ಬೈಕಿನ ಹಿಂದಿನ ಸೀಟು ಹಿಡಿದುಕೊಂಡಳು.

"ನಮ್ಮನೆ ಪಾಳಿ ತಾನೆ? ನಾನೇ ಬತ್ತೀನಿ, ನಡೀರಿ ಸಾಮಿ."

"ಹೋಗಮ್ಮ, ಗಂಡಸರು ಬೇಕು."

"ಇಷ್ಟು ವರ್ಷ ಕದ್ದೋರು ಯಾರು ಅಂತ ಕೇಳ್ಲಿಲ್ಲ. ಒಂದು ತಲೆ ಬೇಕು ಅಂದ್ರಿ, ಕಳಿಸಿದ್ವು. ಇವತ್ತೇನು ಗಂಡು ಹೆಣ್ಣು ಅಂತ ಆರಿಸ್ತೀರಾ? ನನಗೂ ಬೆರಳದವೆ." ಮಗನ ಕಡೆ ತಿರುಗಿದಳು. "ನೀನು ಡ್ಯೂಟಿಗೆ ಹೋಗಲಾ. ಬಸ್ ಹೋಯ್ತದೆ."

ಸಂಗಮೇಶ್ ನಕ್ಕು, ಸಂಜೆಗೆ ಜೀಪೇ ಬರುತ್ತದೆ ಎಂದು ಗೇರ್ ಹಾಕಿ ಹೊರಟುಹೋದ. ಅವಳು ನಗಲಿಲ್ಲ. ಮಗನನ್ನು ಡ್ಯೂಟಿಗೆ ಕಳಿಸಿ, ತಾನು ಬಸ್ ಹತ್ತಿ ಠಾಣೆಗೆ ಹೋಗಿ, ಕರೆಸಿದ್ದೀರಿ, ಬಂದಿದ್ದೀನಿ ಎಂದು ಬಾಗಿಲಲ್ಲೇ ಕೂತಳು. ಮಧ್ಯಾಹ್ನದ ಹೊತ್ತಿಗೆ ರೇವಮ್ಮ, ಕದರಮ್ಮ ಮತ್ತೆ ಕಾಲನಿಯ ಅರ್ಧಕ್ಕರ್ಧ ಹೆಂಗಸರು ಬಂದರು. ಮುಂದಿನ ಪಾಳಿ ನಮ್ಮದು, ಈಗಲೇ ಮುಗಿಸಿಕೊಳ್ಳಿ ಎಂದರು. ಸೀಳಿದ ಬಿದಿರು ತಂದಿದ್ದರು, ಕಾಂಪೌಂಡಿನಲ್ಲೇ ಮಂಕರಿ ಹೆಣೆಯತೊಡಗಿದರು. ಪಾಸ್‌ಪೋರ್ಟ್ ಕೆಲಸಕ್ಕೆ ಬಂದವರು ನಿಂತು ನೋಡಿದರು, ಒಬ್ಬ ಫೋಟೊ ತೆಗೆದ.

ಸಬ್‌ಇನ್‌ಸ್ಪೆಕ್ಟರ್ ಹೊರಗೆ ಬಂದು ಸಂಗಮೇಶನನ್ನು ಬೈದ. ಆಮೇಲೆ, ಹೆಂಗಸರನ್ನು ಠಾಣೆಗೆ ಕರೆಸುವ ಹಾಗಿಲ್ಲ, ಕಾನೂನಿದೆ, ಎದ್ದು ಹೋಗಿ ಎಂದ.

"ಕಾನೂನದೆ ಅಂತ ಗೊತ್ತಾಯ್ತಲ್ಲ, ಒಳ್ಳೇದಾಯ್ತು," ಎಂದಳು ಹೊಂಬಾಳಮ್ಮ. "ನನ್ನ ಮಗನ್ನ ಯಾವ ಕಾನೂನಲ್ಲಿ ಕರೆದ್ರಿ, ಅದನ್ನ ಬರ್ಕೊಡಿ. ಹೋಯ್ತೀವಿ."

ಅವನು ಬರೆದುಕೊಡಲಿಲ್ಲ. ಅವರು ಏಳಲಿಲ್ಲ. ಹೊತ್ತು ಮುಳುಗುವ ಮುಂಚೆ, ಇನ್ನು ನೋಟಿಸ್ ಇಲ್ಲದೆ ಯಾರನ್ನೂ ಕರೆಯುವುದಿಲ್ಲ ಎಂದು ಬಾಯಲ್ಲಿ ಹೇಳಿದ. ಬಾಯಿಮಾತಿನ ಬೆಲೆ ಎಷ್ಟೆಂದು ಹೊಂಬಾಳಮ್ಮನಿಗೆ ಗೊತ್ತಿತ್ತು. ಎದ್ದಳು, ಯಾಕೆಂದರೆ ಬಿದಿರು ಮುಗಿದಿತ್ತು.

ಆವತ್ತು ಜೀಪು ಬರಲಿಲ್ಲ. ಕೇಬಲ್ ಕದ್ದವರು ಸಿಗಲಿಲ್ಲ. ಭೀಮರಾಜನ ಸರ್ಟಿಫಿಕೇಟೂ ಬರಲಿಲ್ಲ. ಪರಿಶೀಲನೆಯಲ್ಲಿದೆ ಅನ್ನುತ್ತಾರೆ, ಅವನು ರಜೆ ಸಿಕ್ಕಾಗಲೆಲ್ಲ ಹೋಗಿ ಕೌಂಟರಿನ ಮುಂದೆ ನಿಲ್ಲುತ್ತಾನೆ.

ದೀಪಾವಳಿ ಕಳೆದ ಮೇಲೆ ಟ್ಯಾಂಕಿನ ಹತ್ತಿರ ಮತ್ತೆ ಹಾರ್ನ್ ಆಯಿತು, ಎರಡು ಸಲ. ಯಾರೂ ಏಳಲಿಲ್ಲ. ಮತ್ತೆ ಎರಡು ಸಲ. ಬಿದಿರು ಸೀಳುವ ಸದ್ದು ನಿಲ್ಲಲಿಲ್ಲ. ಕೊನೆಗೆ ಸಂಗಮೇಶ್ ಎಂಜಿನ್ ಆಫ್ ಮಾಡಿ, ಸ್ಟ್ಯಾಂಡ್ ಹಾಕಿ, ಮೊದಲ ಸಲ ಕಾಲನಿಯೊಳಗೆ ನಡೆದು ಬಂದ. ಯಾರ ಪಾಳಿ ಎಂದು ನರಸಿಂಹಯ್ಯನನ್ನು ಕೇಳಿದ.

ಮುದುಕ ಹೊಂಬಾಳಮ್ಮನ ಜಗಲಿಯ ಕಡೆ ಒಂದು ಸಲ ನೋಡಿದ. ಕೂತಲ್ಲಿಂದ ಏಳಲಿಲ್ಲ. ಕೂತೇ ಕೇಳಿದ.

"ಏನ್ ಕೇಸು ಸಾಮಿ? ಹೆಸರು ಯಾರ್ದು ಬರ್ದವ್ರೆ, ತೋರ್ಸಿ."