ಗುರುವಾರದ ನಲವತ್ತು ನಿಮಿಷ

ಮೆಟ್ರೋ ರೈಲಿನ ನೆರಳು ರಸ್ತೆಯ ಮೇಲೆ ಹರಿದುಹೋಯಿತು, ಬಸ್ಸಿನ ಮೇಲೆ, ತನ್ನ ಚಪ್ಪಲಿಯ ಮೇಲೆ — ಹೋಯಿತು, ಬಿಸಿಲು ಮತ್ತೆ ಬಂತು, ದಾಸಪ್ಪ ಟೂಲ್ ಬ್ಯಾಗನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡು ಕಾಡುಗೋಡಿಯ ಗಲ್ಲಿಗೆ ತಿರುಗಿದ, ಜೇಬಿನಲ್ಲಿ ಫೋನು ಆಫಾಗಿ ಬಿದ್ದಿದೆ, ಬಿದ್ದಿರಲಿ, ಇವತ್ತೊಂದು ದಿನ ಯಾರ ಕಣ್ಣಿಗೂ ಬೀಳುವುದು ಬೇಡ. ಸೋಮವಾರ ಸೂಪರ್‌ವೈಸರ್ ನರೇಶ್ ಗೋಡೆಯ ಟಿವಿಯಲ್ಲಿ ನಕ್ಷೆ ತೆರೆದಿದ್ದ, ನೀರಿನ ಫಿಲ್ಟರ್ ರಿಪೇರಿಗೆ ಹೋಗುವ ಹನ್ನೊಂದು ಜನ, ಒಬ್ಬೊಬ್ಬರ ಫೋನಿಗೊಂದರಂತೆ ಹನ್ನೊಂದು ಕೆಂಪು ಚುಕ್ಕೆ, ದಾಸಪ್ಪಣ್ಣ, ಪ್ರತಿ ಗುರುವಾರ ಮಧ್ಯಾಹ್ನ ಕಾಡುಗೋಡೀಲಿ ನಲವತ್ತು ನಿಮಿಷ ನಿಂತಿರ್ತೀರಲ್ಲ, ಆ ಹೊತ್ತಿಗೆ ಅಲ್ಲಿ ನಿಮಗೆ ಒಂದೂ ರಿಪೇರಿ ಕಾಲ್ ಕೊಟ್ಟಿಲ್ಲ, ಯಾರಿದಾರೆ ಅಲ್ಲಿ? ಹಿಂದಿನಿಂದ ಯಾರೋ, ಅಣ್ಣ ಈ ವಯಸ್ಸಲ್ಲೂ ಸಕ್ಕತ್ ಗುರು — ಎಲ್ಲರ ನಗು. ಯಾರೂ ಇಲ್ಲ ಸಾರ್, ಅಂದ, ಊಟ ಮಾಡ್ತೀನಿ ಅಷ್ಟೆ, ಅಂದ. ಮಗಳಿದ್ದಾಳೆ ಎನ್ನಬಹುದಿತ್ತು, ಎಂದರೆ, ಮಗಳ ಮನೆ ಅಂದ್ಮೇಲೆ ಬೀದೀಲ್ ಯಾಕ್ ನಿಂತಿರ್ತೀರಾ ಎಂದು ಕೇಳುತ್ತಾರೆ, ಅದಕ್ಕೇನು ಹೇಳುವುದು.

ನಾಲ್ಕು ವರ್ಷವಾಯಿತು. ಮಗಳು ಸವಿತಾ ಸ್ನಾನಕ್ಕೆ ಹೋಗಿದ್ದಾಗ ಅವಳ ಫೋನು ಎತ್ತಿಕೊಂಡು ಮೊಬೈಲ್ ಅಂಗಡಿಗೆ ಓಡಿದ್ದು, ಇವಳೆಲ್ಲಿ ಹೋಗ್ತಾಳೋ ನನ್ನ ಫೋನಲ್ಲಿ ಕಾಣಂಗೆ ಮಾಡಪ್ಪಾ ಎಂದದ್ದು, ಮಾರನೆಯ ದಿನ ಅವಳ ಚುಕ್ಕೆ ವೈಟ್‌ಫೀಲ್ಡಿನ ಬಸ್ ಸ್ಟಾಪಿನಲ್ಲಿ ನಿಂತಿತ್ತು, ಪಕ್ಕದಲ್ಲಿ ಆ ಮುತ್ತು, ಕೊಪ್ಪಳದ ಕಡೆಯಿಂದ ಬಂದ ಗಾರೆ ಕೆಲಸದವನು, ಅಷ್ಟು ಜನರೆದುರು ಮಗಳ ಕೆನ್ನೆಗೆ — ಅಂಗೈ ಈಗಲೂ ಉರಿಯುತ್ತದೆ. ಅವಳು ಅಳಲಿಲ್ಲ, ಹೆಂಗ್ ಗೊತ್ತಾಯ್ತಪ್ಪಾ ನಿಂಗೆ, ಅಂದಳು ಅಷ್ಟೇ. ಮುತ್ತುವನ್ನೇ ಮದುವೆಯಾದಳು, ಆಮೇಲೆ ಪೊಲೀಸ್ ಸ್ಟೇಷನ್ನಿನಲ್ಲಿ ಎಸ್ಸೈ ಮುಂದೆ, ನಾನೆಲ್ಲಿದ್ರೂ ಇವರು ಹುಡುಕ್ಕೊಂಡು ಬರಬಾರ್ದು ಸಾರ್, ಬರ್ಕೊಳಿ, ಅಂದಳು. ಬರೆದುಕೊಂಡರು, ತಾನು ಸಹಿ ಹಾಕಿದ. ಹುಡುಕಲಿಲ್ಲ, ದೇವರಾಣೆ ಹುಡುಕಲಿಲ್ಲ. ಈ ಯುಗಾದಿ ಕಳೆದ ಮೇಲೆ ಇದೇ ಗಲ್ಲಿಯ ಒಂದು ಮನೆಯಲ್ಲಿ ಫಿಲ್ಟರ್ ಬಿಚ್ಚಿ ಕೂತಿದ್ದಾಗ ಕಿಟಕಿಯಾಚೆ, ಎದುರು ಮಹಡಿಯಲ್ಲಿ ಬಟ್ಟೆ ಒಣಹಾಕುತ್ತಿದ್ದವಳು ಅವಳೇ, ಸೊಂಟದಲ್ಲೊಂದು ಮಗು. ಮಗುವಿನ ಹೆಸರೂ ಗೊತ್ತಿಲ್ಲ. ಅಂದಿನಿಂದ ಗುರುವಾರ ಗುರುವಾರ ಎಳನೀರು ಗಾಡಿಯ ಮರೆಯಲ್ಲಿ, ಬುತ್ತಿ ಬಿಚ್ಚಿಕೊಂಡು, ಬರೀ ನೋಡುವುದು, ಒಂದು ದಿನವೂ ಮಾತಾಡಿಸಿಲ್ಲ, ನೋಡಿದರೇನು ತಪ್ಪು — ನರೇಶನೂ ಹೀಗೆಯೇ ಅಂದುಕೊಳ್ಳುತ್ತಾನೇನೋ, ನೋಡಿದರೇನು ತಪ್ಪು.

ಏನಣ್ಣ, ಎಳನೀರಿನ ಗಂಗಪ್ಪ ಮಚ್ಚು ಕೆಳಗಿಟ್ಟ, ಮಂಗಳವಾರ ನಿಮ್ ಆಫೀಸೋರು ಅಂತ ಯಾರೋ ಬಂದಿದ್ರು ಕಣಣ್ಣ, ನಿಮ್ ಫೋಟೋ ತೋರ್ಸಿ ಮನೆಮನೆ ಕೇಳಿದ್ರು, ಇವರು ಇಲ್ಲಿಗ್ ಬರ್ತಾರಾ ಅಂತ. ಆ ಮಹಡೀಲೂ ಕೇಳಿದ್ರಾ? ಕೇಳ್ದೆ ಏನು, ಆ ಹುಡುಗಿ ಫೋಟೋ ನೋಡಿದ್ದೇ ತಡ ಬಾಗಿಲು ಹಾಕ್ಕೊಂಡ್ಬಿಟ್ಳು, ನೆನ್ನೆ ಲಗೇಜ್ ಆಟೋ ಬಂದಿತ್ತು, ಖಾಲಿ ಮಾಡ್ಕೊಂಡು ಹೋದ್ರು. ಎಲ್ಲಿಗೆ? ಯಾರಿಗೂ ಹೇಳ್ಲಿಲ್ಲ. ಎಳನೀರು ಕೊಡ್ಲಾ ಅಣ್ಣ? ಬೇಡ, ಎನ್ನುತ್ತಾನೆ, ಬೇಡ ಎಂದದ್ದು ತಾನೇನಾ, ನರೇಶನಿಗೆ ಯಾರು ಕೊಟ್ಟರು ಹಕ್ಕು, ನನ್ನ ಫೋಟೋ ಹಿಡಿದು ಮನೆಮನೆ, ಕೇಳಬೇಕು, ಇವತ್ತೇ ಕೇಳಬೇಕು, ಕೇಳಿದರೆ ಅವನೂ ಕೇಳುತ್ತಾನೆ, ಹೆದರಿ ಮನೆ ಬಿಡುವಂಥಾದ್ದು ನೀವೇನಣ್ಣ ಮಾಡಿದ್ರಿ, ಯಾವ ಫೋಟೋವೋ, ಐಡಿ ಕಾರ್ಡಿನದೇ ಇರಬೇಕು, ಅಂಗೈಯಷ್ಟು, ಅವಳು ಮಗುವನ್ನೆತ್ತಿಕೊಂಡೇ ಬಂದಿರುತ್ತಾಳೆ, ಬಗ್ಗಿ ನೋಡಿರುತ್ತಾಳೆ, ಮಗುವೂ ನೋಡಿತೇನೋ, ತಾತ ಅಂತ ಯಾರೂ ಹೇಳಿರುವುದಿಲ್ಲ, ಬಾಗಿಲು, ಫೋನು ಆನ್ ಮಾಡಬೇಕು, ಬೆಳ್ಳಂದೂರಿನ ಕಾಲ್ ಇದೆ, ಹೋಗಬೇಕು, ಬಗ್ಗಿ ನೋಡುತ್ತಾಳೆ, ಬಾಗಿಲು ಹಾಕುತ್ತಾಳೆ, ಹೋಗಬೇಕು, ಅವಳ ಕೈ, ಒಳಗಿನ ಚಿಲಕ, ಬಗ್ಗಿ ನೋಡುತ್ತಾಳೆ, ಅವಳ ಕೈ, ಚಿಲಕ —